ಎರಿ ಮಣ್ಣಿನ ತೇವಾಂಶ: ಒಂದೇ ಮಣ್ಣು, ಮೂರು ಡಬ್ಬಿ, ಒಂದರ ಲೆಕ್ಕ ಮಾತ್ರ ಕೂಡವಲ್ದು

ಎರಿಹೊಲ_ಗದಗ:

ನಮಸ್ಕಾರ್ರಿ ಎಲ್ಲಾರಿಗೂ. ನಾನು ಡಿಪ್ಲೊಮಾ ಸಿವಿಲ್ ಮುಗಿಸಿ ನಾಲ್ಕು ತಿಂಗಳಾತು, ಗದಗ ಕಡೆ ಒಂದು ಕೆರಿ ಏರಿ ರಿಪೇರಿ ಕೆಲಸದಾಗ ಸೈಟ್ ಲ್ಯಾಬ್ ನೋಡ್ಕೊಳಾಕತ್ತೀನಿ. ಏರಿ ನಡುವಿನ ಹಾರ್ಟಿಂಗ್‌ಗೆ ಎರಿ ಮಣ್ಣು, ಎರಡೂ ಬಾಜು ಕೇಸಿಂಗ್‌ಗೆ ಗರಸು. ಎರಿ ಮಣ್ಣು ಪದರ ಹಾಸಿದ ಮ್ಯಾಲೆ ರೋಲರ್ ಹೊಡಿಯೂದಕ್ಕಿಂತ ಮೊದ್ಲು ತೇವಾಂಶ ಎಷ್ಟೈತಿ ಅಂತ ನಾನು ಬರದು ಕೊಡಬೇಕು. ಪ್ರಾಕ್ಟರ್ ಟೆಸ್ಟ್‌ನಾಗ ಈ ಮಣ್ಣಿನ ಓಎಂಸಿ, ಅಂದ್ರ ರೋಲರ್ ಹೊಡದಾಗ ಮಣ್ಣು ಭಾಳ ಗಟ್ಟಿ ಕೂಡಾಕ ಬೇಕಾದ ತೇವಾಂಶ, 24.2 ಪರ್ಸೆಂಟ್ ಬಂದೈತಿ.

ಮೊನ್ನಿ ಒಂದೇ ಜಾಗದಿಂದ ಮಣ್ಣು ತಂದು ಮೂರು ಡಬ್ಬಿ ಹಾಕಿದೆ. ಓವನ್ 110 ಡಿಗ್ರಿ, 24 ತಾಸು. ರಾತ್ರಿ ಕರೆಂಟ್ ಹೋಗಿತ್ತು, ಸುಮಾರು ಮೂರು ತಾಸು, ಅದಕ್ಕ ಮರುದಿನ ಅಷ್ಟ ಹೊತ್ತು ಜಾಸ್ತಿ ಇಟ್ಟೀನಿ. ತೂಕ ಹಿಂಗದಾವು, ಎಲ್ಲಾ ಗ್ರಾಂನಾಗ:

7ನೇ ಡಬ್ಬಿ: ಖಾಲಿ 26.41, ಹಸಿ ಮಣ್ಣಿನ ಸಂಗಡ 63.97, ಒಣಗಿದ ಮ್ಯಾಲೆ 55.66. ತೇವಾಂಶ 28.41 ಪರ್ಸೆಂಟ್.
11ನೇ ಡಬ್ಬಿ: ಖಾಲಿ 20.88, ಹಸಿ 61.40, ಒಣ 53.74. ತೇವಾಂಶ 23.31.
19ನೇ ಡಬ್ಬಿ: ಖಾಲಿ 26.12, ಹಸಿ 61.54, ಒಣ 53.87. ತೇವಾಂಶ 27.64.

ಇದ್ರಾಗ 11 ಯಾಕ ಹಿಂಗ ಬಂತು ತಿಳಿಯವಲ್ದು. ಅವತ್ತ ಅದೇ ಮಣ್ಣಿಗೆ ರ‍್ಯಾಪಿಡ್ ಮಾಯಿಶ್ಚರ್ ಮೀಟರ್ ಹಾಕಿದ್ರ ಮುಳ್ಳು 21.6ಕ್ಕ ನಿಂತ್ತು. ನಮ್ಮ ಸೈಟ್ ಎಂಜಿನಿಯರ್ ಸರ್ ಏನಂತಾರ ಅಂದ್ರ, ಮೀಟರ್ 21.6 ಅನ್ನತೈತಿ, 11ನೇ ಡಬ್ಬಿ 23 ಅನ್ನತೈತಿ, ಎರಡೂ ಹತ್ರ ಹತ್ರ ಅದಾವಲ್ಲ, ಹಂಗಾದ್ರ ಉಳಿದ ಎರಡು ಡಬ್ಬಿನ ತಪ್ಪು, 23 ಅಂತ ಬರಿ, ರೋಲರ್ ಬಾಡಿಗಿ ಸುಮ್ನ ಏರಾಕತ್ತೈತಿ ಅಂತ. ನನಗ ಕೈ ಬರವಲ್ದು, ಯಾಕಂದ್ರ ಆ ಮಣ್ಣು ಮುಷ್ಟಿಯೊಳಗ ಹಿಡದ್ರ ಅಂಗೈಗೆ ಮೆತ್ತಾಕತ್ತೈತಿ, ಓಎಂಸಿ ಹತ್ರ ಇರೂ ಮಣ್ಣು ಹಂಗ ಮೆತ್ತೂದಿಲ್ಲ. ಮೂರೂ ಕೂಡಿಸಿ ಸರಾಸರಿ ತಗೀಲ್ಯಾ, ಮತ್ತ ಮಾಡ್ಲ್ಯಾ, ಏನ್ ಮಾಡ್ಲಿ ಹೇಳ್ರಿ. ಏರಿ ಕೆಳಗ ಊರೈತ್ರಿ.

ದಾವಣಗೆರೆ_ಲ್ಯಾಬ್:

ತಮ್ಮಾ, ಸರಾಸರಿ ತೆಗೀಬೇಡ. ಒಂದು ಲೆಕ್ಕ ತಪ್ಪಿದೆ ಅಂತ ಗೊತ್ತಿದ್ದೂ ಸರಾಸರಿ ತೆಗೆದ್ರೆ ಆ ತಪ್ಪನ್ನ ಉಳಿದ ಎರಡಕ್ಕೂ ಹಂಚಿದಂಗೆ ಆಗುತ್ತೆ. ನಾನು ಈ ಕೆಲಸದಲ್ಲಿ 18 ವರ್ಷದಿಂದ ಇದೀನಿ, ನಿನ್ನ ಪೋಸ್ಟ್ ಓದ್ತಿದ್ದಂಗೆ ನನ್ನ ಕಣ್ಣು ಹೋಗಿದ್ದು ಪರ್ಸೆಂಟಿಗಲ್ಲ, ಖಾಲಿ ಡಬ್ಬಿ ತೂಕಕ್ಕೆ. 26.41, 26.12, ಮಧ್ಯದಲ್ಲಿ 20.88. ಮೂರೂ ಒಂದೇ ಸೆಟ್ಟಿನ ಅಲ್ಯುಮಿನಿಯಂ ಡಬ್ಬಿ ತಾನೆ? ಒಂದೇ ಸೆಟ್ಟಲ್ಲಿ ಅರ್ಧ ಗ್ರಾಂ ಆಚೀಚೆ ಆಗುತ್ತೆ, ಐದೂವರೆ ಗ್ರಾಂ ಆಗಲ್ಲ. ಐದೂವರೆ ಗ್ರಾಂ ಅಂದ್ರೆ ಹೆಚ್ಚುಕಮ್ಮಿ ಒಂದು ಮುಚ್ಚಳದ ತೂಕ. ಖಾಲಿ ಡಬ್ಬಿಯನ್ನ ಮುಚ್ಚಳ ಇಲ್ಲದೆ ತೂಗಿ, ಹಸಿ ಒಣ ಎರಡನ್ನೂ ಮುಚ್ಚಳ ಹಾಕಿ ತೂಗಿದೀಯ ಅಂತ ನನಗನ್ನಿಸ್ತಿದೆ. ಹಂಗಾದಾಗ ನೀರಿನ ತೂಕ ಸರಿಯಾಗೇ ಬರುತ್ತೆ, ಯಾಕಂದ್ರೆ ಹಸಿಯಿಂದ ಒಣ ಕಳೆದಾಗ ಮುಚ್ಚಳ ಎರಡೂ ಕಡೆ ಹೊಡೆದು ಹೋಗುತ್ತೆ, ಆದ್ರೆ ಭಾಗಿಸೋಕೆ ತಗೊಳ್ಳೋ ಒಣಮಣ್ಣಿನ ತೂಕದೊಳಗೆ ಮುಚ್ಚಳಾನೂ ಸೇರ್ಕೊಂಡು ಪರ್ಸೆಂಟ್ ಇಳಿದುಬಿಡುತ್ತೆ. ಈಗ್ಲೇ ಹೋಗಿ 11ನೇ ಡಬ್ಬಿ ತೊಳೆದು ಒಣಗಿಸಿ ಮುಚ್ಚಳ ಸಮೇತ ತೂಗಿ ಇಲ್ಲಿ ಬರಿ.

ಇನ್ನು ಎರಡು ಮೂರು ವಿಷಯ ಹೇಳ್ತೀನಿ, ಎರೆಮಣ್ಣಿನ ಕೆಲಸ ಅಂದಿದ್ದಕ್ಕೆ. ಮಣ್ಣು ಎಲ್ಲಿಂದ ತೆಗೆದೆ? ಹಾಸಿದ ಪದರದ ಮೇಲ್ಗಡೆ ಬಿಸಿಲಿಗೆ ಒಣಗಿರುತ್ತೆ, ಹೆಂಟೆ ಒಳಗಡೆ ಹಸಿ ಇರುತ್ತೆ. ಮೇಲಿನ ಎರಡಿಂಚು ಸರಿಸಿ ಒಳಗಿನ ಮಣ್ಣು ತೆಗೀಬೇಕು. ತೆಗೆದ ತಕ್ಷಣ ಡಬ್ಬಿಗೆ ಹಾಕಿ ಮುಚ್ಚಳ ಬಿಗೀಬೇಕು. ಡಬ್ಬಿ ಇಲ್ಲ ಅಂತ ಪ್ಲಾಸ್ಟಿಕ್ ಕವರಲ್ಲಿ ತಂದ್ರೆ ದಾರೀಲಿ ಕವರಿನ ಒಳಮೈಗೆಲ್ಲ ನೀರು ಬೆವತುಕೊಂಡಿರುತ್ತೆ, ಆ ನೀರು ಮಣ್ಣಿಂದು, ಅದನ್ನ ಮಣ್ಣಿಗೆ ಒರೆಸಿ ಕಲಸಿ ಆಮೇಲೆ ಡಬ್ಬಿಗೆ ಹಾಕು. ಓವನ್‌ಗೆ ಇಡೋವಾಗ ಮುಚ್ಚಳ ತೆಗೆದು ಡಬ್ಬಿ ಅಡಿಯಲ್ಲೇ ಇಡು, ಬೇರೆ ಟ್ರೇಲಿ ಇಟ್ರೆ ಯಾವುದು ಯಾವುದರದ್ದು ಅಂತ ಗೊತ್ತಾಗಲ್ಲ. ಹೆಂಟೆ ಇಡಿಯಾಗಿ ಹಾಕಬೇಡ, ಬೆರಳಲ್ಲಿ ಪುಡಿ ಮಾಡಿ ಸಡಿಲವಾಗಿ ಹರಡಿ ಹಾಕು, ಎರೆಮಣ್ಣು ಹೊರಗಡೆ ಒಣಗಿ ಚಿಪ್ಪು ಕಟ್ಟಿ ಒಳಗಿನ ತೇವ ಬೇಗ ಬಿಡಲ್ಲ. ಕರೆಂಟ್ ಹೋಗಿದ್ದಕ್ಕೆ ಜಾಸ್ತಿ ಹೊತ್ತು ಇಟ್ಟಿದ್ದು ಒಳ್ಳೇದಾಯ್ತು, ಆದ್ರೆ ಗಂಟೆ ಲೆಕ್ಕ ನಂಬ್ಕೋಬೇಡ, ತೂಗಿ ಮತ್ತೆ ಓವನ್‌ಗಿಟ್ಟು ಮೂರು ನಾಲ್ಕು ಗಂಟೆ ಬಿಟ್ಟು ಇನ್ನೊಂದ್ಸಲ ತೂಗು, ತೂಕ ಇಳಿದಿಲ್ಲ ಅಂದ್ರೆ ಒಣಗಿದೆ. ಒಣಗ್ತಾ ಬಂದಿರೋ ಡಬ್ಬಿ ಪಕ್ಕ ಹೊಸ ಹಸಿ ಮಣ್ಣು ತಂದಿಡಲೇಬೇಡ, ಅದರ ಆವಿ ಇದಕ್ಕೆ ತಗಲುತ್ತೆ.

ಡೆಸಿಕೇಟರ್, ಅಂದ್ರೆ ಬಿಸಿ ಡಬ್ಬಿ ಗಾಳಿಯ ತೇವ ಎಳ್ಕೊಳ್ಳದೆ ಆರೋಕೆ ಇಡೋ ಮುಚ್ಚಿದ ಪಾತ್ರೆ, ಇದೆಯಾ? ಇದ್ರೆ ಸಿಲಿಕಾ ಜೆಲ್ ಬಣ್ಣ ನೋಡು, ನೀಲಿ ಇದ್ರೆ ಸರಿ, ಗುಲಾಬಿ ಆಗಿದ್ರೆ ಅದೇ ನೀರು ಕುಡಿದು ಕೂತಿದೆ ಅಂತ, ಓವನ್‌ನಲ್ಲಿ ಕಾಯಿಸಿದ್ರೆ ಮತ್ತೆ ನೀಲಿ ಬರುತ್ತೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಳೆಗಾಲ ಒಣಗಿಸಿದ ಎರೆಮಣ್ಣನ್ನ ಮುಚ್ಚಳ ತೆಗೆದೇ ತಕ್ಕಡಿ ಮೇಲೆ ಇಟ್ಟು ಬರ್ಕೊಳ್ಳೋಕೆ ಪೆನ್ ಹುಡುಕ್ತಾ ಇದ್ದೆ. ನೋಡ್ತೀನಿ, ಕೊನೇ ಅಂಕಿ ತನ್ನಷ್ಟಕ್ಕೆ ತಾನೇ ಏರ್ತಾ ಇದೆ, 2, 3, 4, ನಿಲ್ತಾನೇ ಇಲ್ಲ. ತಕ್ಕಡಿ ಕೆಟ್ಟಿದೆ ಅಂತ ನಮ್ಮ ಹಿರಿಯರನ್ನ ಕರೆದೆ. ಅವರು ಏನೂ ಮಾತಾಡದೆ ಮುಚ್ಚಳ ಹಾಕಿದ್ರು, ಅಂಕಿ ನಿಂತುಬಿಡ್ತು. ಗಾಳಿಯಲ್ಲಿರೋ ತೇವಾನ ಆ ಮಣ್ಣು ಕಣ್ಮುಂದೇನೇ ಎಳ್ಕೊಳ್ತಾ ಇತ್ತು. ಅವತ್ತಿಂದ ನಾನು ಮುಚ್ಚಳ ಇಲ್ಲದೆ ಏನನ್ನೂ ತೂಗಿಲ್ಲ. ಬಿಸಿ ಡಬ್ಬಿ ತೂಗೋದೂ ಅಷ್ಟೇ ತಪ್ಪು, ಬಿಸಿಗೆ ಸುತ್ತಲಿನ ಗಾಳಿ ಮೇಲಕ್ಕೆ ಏಳುತ್ತಲ್ಲ, ತೂಕ ಕಮ್ಮಿ ತೋರಿಸಿ ತೇವಾಂಶ ಜಾಸ್ತಿ ಬರುತ್ತೆ.

ಮಣ್ಣು_ಮೇಡಂ:

ದಾವಣಗೆರೆ ಸರ್ ಹಿಡಿದಿದ್ದು ಸರಿ ಅಂತ ನನಗೂ ಅನ್ಸತ್ತೆ. ನಾನು ಮೀಟರ್ ವಿಷಯ ಹೇಳ್ತೀನಿ, ಯಾಕಂದ್ರೆ ನಿಮ್ಮ ಎಂಜಿನಿಯರ್ ಎಡವಿರೋದು ಅಲ್ಲಿ, ಮತ್ತು ಪ್ರತಿ ವರ್ಷ ನನ್ನ ವಿದ್ಯಾರ್ಥಿಗಳೂ ಅಲ್ಲೇ ಎಡವ್ತಾರೆ.

ಓವನ್ ಲೆಕ್ಕದಲ್ಲಿ ನೀರನ್ನ ಒಣ ಮಣ್ಣಿನ ತೂಕದಿಂದ ಭಾಗಿಸ್ತೀವಿ. ರ‍್ಯಾಪಿಡ್ ಮೀಟರ್ ಮುಳ್ಳು ತೋರಿಸೋದು ಹಸಿ ಮಣ್ಣಿನ ತೂಕಕ್ಕೆ ನೀರು ಎಷ್ಟು ಅಂತ. ಎರಡೂ ಪರ್ಸೆಂಟೇ, ಆದ್ರೆ ಒಂದೇ ಪರ್ಸೆಂಟ್ ಅಲ್ಲ. ನಿಮ್ಮ ಮೀಟರ್ 21.6 ಅಂದ್ರೆ, 100 ಗ್ರಾಂ ಹಸಿ ಮಣ್ಣಲ್ಲಿ 21.6 ಗ್ರಾಂ ನೀರು, ಉಳಿದ 78.4 ಗ್ರಾಂ ಒಣ ಮಣ್ಣು. ಈಗ 21.6 ನ 78.4 ರಿಂದ ಭಾಗಿಸಿ, 27.55 ಬರತ್ತೆ. ನಿಮ್ಮ 7 ಮತ್ತು 19ನೇ ಡಬ್ಬಿ ಏನು ಹೇಳ್ತಿದ್ವೋ ಮೀಟರೂ ಅದನ್ನೇ ಹೇಳ್ತಾ ಇದೆ! 11ನೇ ಡಬ್ಬಿಯ ತಪ್ಪು ಲೆಕ್ಕ ಮತ್ತು ಪರಿವರ್ತನೆ ಮಾಡದೆ ಬಿಟ್ಟ ಮೀಟರ್ ಲೆಕ್ಕ ಎರಡೂ ಆಕಸ್ಮಿಕವಾಗಿ ಹತ್ತಿರ ಬಂದಿವೆ, ಅಷ್ಟೇ. ಒಂದಕ್ಕೊಂದು ಸಾಕ್ಷಿ ಅಂದ್ಕೊಂಡು ಸರಿಯಾದ ಎರಡನ್ನ ಕೈ ಬಿಡೋದಿತ್ತು, ನೀವು ಕೇಳಿದ್ದು ಬಹಳ ಒಳ್ಳೇದಾಯ್ತು.

ಮೀಟರ್ ಒಳಗೆ ಆಗೋದು ಇಷ್ಟೇ, ಕ್ಯಾಲ್ಸಿಯಂ ಕಾರ್ಬೈಡ್ ಪುಡಿಗೆ ಮಣ್ಣಿನ ನೀರು ತಾಗಿದಾಗ ಅಸಿಟಿಲೀನ್ ಗ್ಯಾಸ್ ಬರತ್ತೆ, ಗ್ಯಾಸ್ ವೆಲ್ಡಿಂಗ್‌ನವರು ಉರಿಸ್ತಾರಲ್ಲ ಅದೇ, ಆ ಗ್ಯಾಸಿನ ಒತ್ತಡವನ್ನ ಮುಳ್ಳು ತೋರಿಸತ್ತೆ. ಹಾಕೋದು ಬರೀ 6 ಗ್ರಾಂ ಮಣ್ಣು. ಅಷ್ಟು ಚಿಕ್ಕ ಸ್ಯಾಂಪಲ್‌ನಲ್ಲಿ ಒಂದು ಸಣ್ಣ ಗಂಟು ಒಡೆಯದೆ ಉಳಿದ್ರೂ ಅದರೊಳಗಿನ ನೀರು ಲೆಕ್ಕಕ್ಕೇ ಬರಲ್ಲ. ಅದಕ್ಕೇ ಜೇಡಿ ಮಣ್ಣಿಗೆ ಉಕ್ಕಿನ ಗುಂಡು ಹಾಕಿ ಆಡಿಸಬೇಕು, ಮುಳ್ಳು ಪೂರ್ತಿ ನಿಲ್ಲೋ ತನಕ ಕಾಯಬೇಕು. ಮತ್ತೆ ಮೀಟರ್ ಬಿಚ್ಚೋವಾಗ ಬಯಲಲ್ಲಿ ಬಿಚ್ಚಿ, ಮುಖದಿಂದ ದೂರ ಹಿಡಿದು ನಿಧಾನಕ್ಕೆ ಗ್ಯಾಸ್ ಬಿಡಿ, ಪಕ್ಕದಲ್ಲಿ ಯಾರೂ ಬೀಡಿ ಹಚ್ಚಿರಬಾರದು.

28 ಇರೋ ಮಣ್ಣನ್ನ 23 ಅಂತ ಬರೆದು ರೋಲರ್ ಹೊಡೆದಿದ್ರೆ ಏನಾಗ್ತಿತ್ತು ಅಂದ್ರೆ, ಓಎಂಸಿಗಿಂತ ನಾಲ್ಕು ಪರ್ಸೆಂಟ್ ಹಸಿ ಇರೋ ಜೇಡಿ ರೋಲರ್ ಅಡಿಯಲ್ಲಿ ಒತ್ತಿಕೊಳ್ಳಲ್ಲ, ಹಾಸಿಗೆ ಥರ ಮುಂದೆ ಉಬ್ಬಿ ಹಿಂದೆ ತಗ್ಗತ್ತೆ. ಕಣಗಳ ಮಧ್ಯದ ಜಾಗ ನೀರಿಂದಲೇ ತುಂಬಿರೋವಾಗ ಎಷ್ಟು ಸಲ ಓಡಾಡಿದ್ರೂ ಒಣ ಸಾಂದ್ರತೆ ಬರಲ್ಲ. ಮೇಲೆ ಇನ್ನೊಂದು ಪದರ, ಇನ್ನೊಂದು ಪದರ ಅಂತ ಹೇರ್ತಾ ಹೋದಂಗೆ ಒಳಗೆ ನೀರಿನ ಒತ್ತಡ ಏರತ್ತೆ, ಏರಿಯ ಇಳಿಜಾರು ಜಾರೋದಕ್ಕೆ ಅದು ಸಾಕು.

ಓವನ್‌ಗೆ 105 ರಿಂದ 110 ಡಿಗ್ರಿ ಅಂತ ಮಣ್ಣಿನ ಪರೀಕ್ಷೆಯ ಭಾರತೀಯ ಕೋಡ್ ಐಎಸ್ 2720ರ ಎರಡನೇ ಭಾಗದಲ್ಲಿ, 1973ರದ್ದು, ಹೇಳಿರೋದಕ್ಕೂ ಕಾರಣ ಇದೆ. ಕಣಗಳ ಮಧ್ಯೆ ಓಡಾಡೋ ನೀರು ಹೋಗಬೇಕು, ಖನಿಜದ ರಚನೆಯೊಳಗೇ ಸೇರಿರೋ ನೀರು ಹೋಗಬಾರದು. ಬೇಗ ಆಗ್ಲಿ ಅಂತ 150ಕ್ಕೆ ತಿರುಗಿಸಿದ್ರೆ ಅದೂ ಕಿತ್ತುಕೊಂಡು ಬರೋಕೆ ಶುರುವಾಗತ್ತೆ, ಸಾವಯವ ಇದ್ದ ಮಣ್ಣಾದ್ರೆ ಅದು ಸುಟ್ಟುಹೋಗಿ ಅದರ ತೂಕಾನೂ ನೀರಿನ ಲೆಕ್ಕಕ್ಕೆ ಸೇರತ್ತೆ.

ಕಡಲತಡಿ_ಅಬುಧಾಬಿ:

ನಾನು ಉಡುಪಿಯವ, ಈಗ ಅಬುಧಾಬಿಯಲ್ಲಿ ಮಣ್ಣಿನ ಲ್ಯಾಬಲ್ಲೇ ಇರುವುದು. ಮೇಡಂ ಹೇಳಿದ ಕೊನೆಯ ಮಾತು ಇಲ್ಲಿ ನಮಗೆ ದಿನಾ ಬೇಕಾಗ್ತದೆ. ಇಲ್ಲಿಯ ಸಬ್ಖಾ ಮಣ್ಣಲ್ಲಿ, ಅಂದ್ರೆ ಕಡಲ ಬದಿಯ ಉಪ್ಪು ಬಯಲಿನ ಮಣ್ಣಲ್ಲಿ, ಜಿಪ್ಸಂ ಉಂಟು, 110ಕ್ಕೆ ಇಟ್ಟರೆ ಜಿಪ್ಸಂ ತನ್ನೊಳಗಿನ ನೀರನ್ನೇ ಬಿಟ್ಟುಕೊಡ್ತದೆ, ಇಲ್ಲದ ತೇವ ಉಂಟು ಅಂತ ರಿಪೋರ್ಟಲ್ಲಿ ಬರ್ತದೆ. ಅದಕ್ಕೆ 60 ಡಿಗ್ರಿಯಲ್ಲಿ ಇಟ್ಟು ತೂಕ ನಿಲ್ಲುವವರೆಗೆ ದಿನಗಟ್ಟಲೆ ಕಾಯುವುದು. ಇಂಡಿಯನ್ ಕೋಡಲ್ಲಿ ಜಿಪ್ಸಂ ಮಣ್ಣಿಗೆ 80 ಮೀರಬಾರದು ಅಂತ ಉಂಟಲ್ಲ, ಅದೂ ಇದಕ್ಕೇ. ಗದಗದ ಆ ಮಣ್ಣಲ್ಲಿ ಬಿಳಿ ಹರಳು ಏನಾದ್ರೂ ಕಂಡರೆ ಒಮ್ಮೆ 80ರಲ್ಲಿ, ಒಮ್ಮೆ 110ರಲ್ಲಿ ಎರಡೂ ಮಾಡಿ ನೋಡಿ ಮಾರಾಯ್ರೆ, ಫರಕು ದೊಡ್ಡದು ಬಂದರೆ ಅನುಮಾನ ಪಡಬೇಕು.

ನಮ್ಮ ಊರಿನ ಮುರಕಲ್ಲಿನ ಕೆಳಗೆ ಸಿಗುವ ಶೇಡಿ ಮಣ್ಣಿಗೂ ಒಂದು ಮಾತು. ಕರಾವಳಿಯ ಮಣ್ಣಲ್ಲಿ ಬೇರೆ ಪರೀಕ್ಷೆ ಉಂಟಾದ್ರೆ ತೇವಾಂಶಕ್ಕೆ ಒಣಗಿಸಿದ ಅದೇ ಮಣ್ಣನ್ನು ಅದಕ್ಕೆ ಬಳಸಬೇಡಿ, ಓವನ್ ಕಂಡ ಮಣ್ಣು ನೀರು ಹಾಕಿದರೂ ಮೊದಲಿನ ಹಾಗೆ ಆಗುವುದಿಲ್ಲ.

ಹೊಸಬ_ತುಮಕೂರು:

ಒಂದು ಡೌಟು. 24 ಗಂಟೆ ಕಾಯೋಕೆ ಸೈಟಲ್ಲಿ ಯಾರೂ ಬಿಡಲ್ಲ, ತವಾ ಮೇಲೆ ಹುರಿದು ತೂಗಿದ್ರೆ ಆಗಲ್ವಾ? ನಮ್ಮಲ್ಲಿ ಸ್ಪಿರಿಟ್ ಸುರಿದು ಬೆಂಕಿ ಹಚ್ಚೋದೂ ನೋಡಿದೀನಿ.

ದಾವಣಗೆರೆ_ಲ್ಯಾಬ್:

@ಹೊಸಬ_ತುಮಕೂರು ಆಗುತ್ತೆ, ಆದ್ರೆ ಬರೀ ತವಾ ಬೇಡ, ಮರಳಿನ ಮೇಲೆ ಇಟ್ಟು ಕಾಯಿಸು, ಅದನ್ನ ಕೋಡೇ ಒಪ್ಪುತ್ತೆ. ಮಣ್ಣೊಳಗೆ ಬಿಳಿ ಪೇಪರ್ ಚೂರು ಹಾಕಿಡು, ಅದು ಕಂದು ಬಣ್ಣಕ್ಕೆ ತಿರುಗಿದ್ರೆ ಉರಿ ಜಾಸ್ತಿ ಆಯ್ತು ಅಂತ ಅರ್ಥ. ಮಣ್ಣು ಕೆದಕ್ತಾ ಇರಬೇಕು, ಕೆದಕೋವಾಗ ಒಂದು ಕಾಳೂ ಆಚೆ ಹಾರಬಾರದು. ಸ್ಪಿರಿಟ್ ಮರಳು ಮಣ್ಣಿಗೆ ಪರವಾಗಿಲ್ಲ, ಎರೆಮಣ್ಣಿಗೆ ಬೇಡ, ಜಿಪ್ಸಂ ಇದ್ರಂತೂ ಬೇಡವೇ ಬೇಡ. ನಾನು ಮಾಡೋದು ಏನಂದ್ರೆ ಹೊಸ ಮಣ್ಣು ಬಂದ ಮೊದಲ ಕೆಲವು ದಿನ ಮರಳು ಬಾಣಲೆ, ಮೀಟರ್, ಓವನ್ ಮೂರೂ ಒಟ್ಟಿಗೆ ಮಾಡಿ ಫರಕು ಎಷ್ಟು ಬರುತ್ತೆ ಅಂತ ಬರೆದಿಡ್ತೀನಿ. ಆಮೇಲೆ ಅವಸರಕ್ಕೆ ಮೀಟರ್ ನೋಡಿ ಹೇಳ್ತೀನಿ, ಓವನ್ ಮಾತ್ರ ದಿನಾ ನಡೀತಾ ಇರುತ್ತೆ.

ಹಿಂಗಾರಿ_ವಿಜಯಪುರ:

ನಾ ಸಿವಿಲ್‌ನಾಂವ ಅಲ್ರಿ, ಕೃಷಿ ಓದೀನಿ, ಆದ್ರ ಇದೇ ಡಬ್ಬಿ ಇದೇ ಓವನ್ ನಮ್ಮಲ್ಲೂ. ನೀವು ಓಎಂಸಿಗೆ ನೋಡ್ತೀರಿ, ನಾವು ಹಿಂಗಾರಿ ಜೋಳಕ್ಕ, ಕಡ್ಲಿಗೆ ಭೂಮ್ಯಾಗ ಎಷ್ಟು ಹಸಿ ಉಳದೈತಿ ಅಂತ ನೋಡ್ತೀವಿ, ಯಾಕಂದ್ರ ಬಿತ್ತಿದ ಮ್ಯಾಲೆ ಮಳಿ ನಂಬಾಕ ಬರೂದಿಲ್ಲ, ನೆಲದಾಗಿನ ಹಸಿ ಮ್ಯಾಲೇ ಬೆಳಿ ಬರಬೇಕು. ನಮಗ ತೂಕದ ಪರ್ಸೆಂಟ್ ಒಂದ ಸಾಲೂದಿಲ್ಲ, ಅದಕ್ಕ ಮಣ್ಣಿನ ಸಾಂದ್ರತೆ ಗುಣಿಸಿ ಗಾತ್ರದ ಲೆಕ್ಕಕ್ಕ ತರತೀವಿ. ತೇವಾಂಶ 28, ಸಾಂದ್ರತೆ 1.2 ಅಂತ ಹಿಡದ್ರ 15 ಸೆಂಟಿಮೀಟರ್ ಆಳದ ಪದರದಾಗ ಸುಮಾರು 50 ಮಿಲಿಮೀಟರ್ ನೀರು ಬರತೈತಿ. ಮಳಿ ಲೆಕ್ಕದಾಗ ಹೇಳಿದ್ರ ರೈತರಿಗೆ ಪಟ್ನ ತಿಳಿತೈತಿ.

ಆದ್ರ ಅಷ್ಟೂ ನೀರು ಬೆಳಿಗೆ ಸಿಗೂದಿಲ್ರಿ. ಎರಿ ಮಣ್ಣು ಗಟ್ಟಿ ಹಿಡಕೊಂಡ ನೀರನ್ನ ಬೇರಿಗೆ ಬಿಡೂದಿಲ್ಲ, ಅದನ್ನ ತಿಳಿಲಾಕ ಪ್ರೆಶರ್ ಪ್ಲೇಟ್ ಅಂತ ಐತಿ, ಹದಿನೈದು ಬಾರ್ ಒತ್ತಡ ಕೊಟ್ಟ ಮ್ಯಾಲೂ ಮಣ್ಣಾಗ ಉಳದ ನೀರು ಇರತೈತಲ್ಲ, ಅಷ್ಟಕ್ಕ ಇಳದ್ರ ಬೆಳಿ ಬಾಡತೈತಿ ಅಂತ ಲೆಕ್ಕ. ಆ ಉಳದ ನೀರು ಅಳಿಲಾಕ ಮತ್ತ ಇದೇ ಡಬ್ಬಿ, ಇದೇ ಓವನ್. ಮಸಾರಿ ಮಣ್ಣು ನೋಡಾಕ ಒಣಾ ಕಂಡ್ರೂ ಇದ್ದದ್ದನ್ನ ಕೊಡತೈತಿ, ಎರಿ ಹಂಗಲ್ಲ.

ಗದಗದ ತಮ್ಮಗ ಇನ್ನೊಂದು ಮಾತು. 28.41 ಮತ್ತು 27.64 ನಡುವಿನ ಫರಕಿಗೂ ಕಾರಣ ಇರಬಹುದು. ನಮ್ಮ ಎರಿಯೊಳಗ ಸುಣ್ಣದ ಹಳ್ಳು ಇರತಾವಲ್ಲ, ಅವು ಡಬ್ಬಿಯೊಳಗ ಒಂದೆರಡು ಬಿದ್ರ ತೂಕ ತಿಂತಾವ, ನೀರು ಹಿಡಿಯೂದಿಲ್ಲ, ಪರ್ಸೆಂಟ್ ಇಳೀತೈತಿ. ಮಣ್ಣು ಚೆಲ್ಲೂಮುಂದ ಒಮ್ಮೆ ಬೆರಳಿಲೆ ಆಡಿಸಿ ನೋಡು.

ಮಣ್ಣು_ಮೇಡಂ:

ಹಳ್ಳಿನ ಮಾತು ತುಂಬಾ ಸರಿ. ಕೋಡಲ್ಲಿ ಸ್ಯಾಂಪಲ್ ತೂಕ ಕೊಟ್ಟಿರೋದೂ ಇದಕ್ಕೇ. ಮಣ್ಣು ಬಹುಪಾಲು 425 ಮೈಕ್ರಾನ್ ಜರಡಿ ದಾಟೋ ಅಷ್ಟು ನುಣುಪಾಗಿದ್ರೆ 25 ಗ್ರಾಂ ಸಾಕು, 2 ಮಿಲಿಮೀಟರ್ ತನಕ ಕಾಳಿದ್ರೆ 50 ಗ್ರಾಂ, 4.75 ತನಕ ಇದ್ರೆ 200 ಗ್ರಾಂ ಬೇಕು. ನೀವು ಹಾಕಿರೋದು 35 ರಿಂದ 40 ಗ್ರಾಂ, ನುಣುಪಾದ ಎರೆಗೆ ಸಾಕು, ಹಳ್ಳು ಕಂಡ್ರೆ ಮಾತ್ರ ದೊಡ್ಡ ಡಬ್ಬಿ ತಗೊಳ್ಳಿ. ಕೇಸಿಂಗಿನ ಗರಸಿಗಂತೂ ಈ ಡಬ್ಬಿ ಆಗೋದೇ ಇಲ್ಲ, ಟ್ರೇಲಿ ಮಾಡಿ.

ಎರಿಹೊಲ_ಗದಗ:

ಎಲ್ಲಾರಿಗೂ ಶರಣ್ರಿ. ದಾವಣಗೆರೆ ಅಣ್ಣಾರ ಮಾತು ಖರೆ ಆತು. 11ನೇ ಡಬ್ಬಿ ಮುಚ್ಚಳ ಸಮೇತ ತೂಗಿದೆ, 26.27. ಅವತ್ತ ಮುಂಜಾನಿ ಮುಚ್ಚಳ ತೊಳದು ಒಣಗಾಕ ಕಿಡಕಿ ಮ್ಯಾಲೆ ಇಟ್ಟಿದ್ದೆ, ಅದನ್ನ ಬಿಟ್ಟ ಖಾಲಿ ಡಬ್ಬಿ ತೂಗೀನಿ, ಈಗ ನೆನಪಾತು. ಹೊಸಾ ಲೆಕ್ಕ ಮಾಡಿದ್ರ ನೀರು 7.66, ಒಣಮಣ್ಣು 27.47, ತೇವಾಂಶ 27.88. ಮೂರರ ಸರಾಸರಿ 27.98. ಮೀಟರ್‌ದು ಮೇಡಂ ಹೇಳಿದಂಗ 27.55. ನಾಲ್ಕೂ ಒಂದ ಕಡೆ ನಿಂತಾವು, ಹಾಳ್ಯಾಗ ಬರದು ನೋಡಿ ಎದಿ ಹಗುರಾತು.

ಸರ್‌ಗೆ ಮೇಡಂ ಅವರ 78.4ರ ಲೆಕ್ಕ ಪೆನ್ನು ಹಿಡಿದು ತೋರಿಸಿದೆ. ಒಂದ ನಿಮಿಷ ಸುಮ್ನಿದ್ರು, ಆಮ್ಯಾಲೆ ಮೀಟರ್ ಡಬ್ಬಿಯೊಳಗ ಕಂಪನಿಯವರು ಕೊಟ್ಟ ಹಾಳಿ ತಗದು ಓದಿ, ಹೌದು, ಹಸಿ ತೂಕದ ಮ್ಯಾಲಂತ ಇಲ್ಲೇ ಐತಿ ಅಂದ್ರು. ರೋಲರ್ ನಿಲ್ಲಿಸಿದ್ರು. ಹಾಸಿದ ಮಣ್ಣಿಗೆ ಟ್ರ್ಯಾಕ್ಟರ್ ಕುಂಟಿ ಹೊಡಿಸಿ ಒಂದೂವರಿ ದಿನ ಬಿಸಲಿಗೆ ಬಿಟ್ವಿ, ನಡುವ ಎರಡ ಸಲ ಹೊಳ್ಳಿಸಿದ್ವಿ. ನಿನ್ನೆ ಮತ್ತ ಮೂರು ಡಬ್ಬಿ, ಒಳಗಿನ ಮಣ್ಣು, ಹಳ್ಳು ನೋಡಿ ಹಾಕೀನಿ, ಇವತ್ತ 24.6 ಬಂತು. ಮುಷ್ಟಿಯೊಳಗ ಹಿಡದ್ರ ಉಂಡಿ ಆಗತೈತಿ, ಕೈಗೆ ಮೆತ್ತೂದಿಲ್ಲ. ಮಧ್ಯಾಹ್ನದಿಂದ ರೋಲರ್ ಓಡಾಕತ್ತೈತಿ.

ಒಂದ ಕೊನೀ ಪ್ರಶ್ನೆರಿ. ಡಬ್ಬಿ ಮ್ಯಾಲಿನ ನಂಬರ್ ಮಾರ್ಕರ್‌ಲೆ ಬರದದ್ದು, ಓವನ್ ಬಿಸಿಗೆ ಅಳಸಾಕತ್ತಾವು. ಪೇಂಟ್ ಹಚ್ಚಿದ್ರ ಪೇಂಟಿನ ತೂಕ ಕಡಿಮಿ ಆಕ್ಕೋತ ಹೋಗೂದಿಲ್ಲೇನು?

ದಾವಣಗೆರೆ_ಲ್ಯಾಬ್:

ಹೋಗುತ್ತೆ, ಪೇಂಟ್ ಬೇಡ. ಅಂಕಿಯ ಪಂಚ್ ಸಿಗುತ್ತೆ, ಹಾರ್ಡ್‌ವೇರ್ ಅಂಗಡೀಲಿ ಕೇಳು, ಸುತ್ತಿಗೆಯಿಂದ ಮೆಲ್ಲಗೆ ಒಂದೇ ಏಟು. ಡಬ್ಬಿ ತಳಕ್ಕೂ ಹಾಕು, ಮುಚ್ಚಳಕ್ಕೂ ಅದೇ ನಂಬರ್ ಹಾಕು. ಹಾಕಿದ ಮೇಲೆ ಎಲ್ಲವನ್ನೂ ಮುಚ್ಚಳ ಸಮೇತ ಹೊಸದಾಗಿ ತೂಗಿ, ತಾರೀಕು ಹಾಕಿ ತಕ್ಕಡಿ ಮೇಲ್ಗಡೆ ಗೋಡೆಗೆ ಅಂಟಿಸು. ಆ ಪಟ್ಟೀನ ತಿಂಗಳಿಗೊಂದ್ಸಲ ಬದಲಾಯಿಸು, ಉಜ್ಜಿ ತೊಳೆದು ಡಬ್ಬಿ ಸವೀತಾ ಇರುತ್ತೆ. ಪದರ ಮುಗಿದ ಮೇಲೆ ಕೋರ್ ಕಟರ್, ಅಂದ್ರೆ ಮಣ್ಣಿನ ತುಂಡು ಕತ್ತರಿಸಿ ತೆಗೆಯೋ ಉಕ್ಕಿನ ಕೊಳವೆ, ಹಾಕಿ ಸಾಂದ್ರತೆ ಎಷ್ಟು ಬಂತು ಅಂತ ಇಲ್ಲೇ ಬರಿ ತಮ್ಮಾ, ನಾನು ನೋಡ್ತಾ ಇರ್ತೀನಿ.